ಪಟ್ಟಿಗೆ ಬಾರದ ಚಟ್ನಿ

ನನಗಿದ್ದ ಒಂದೇ ಜಂಬವೆಂದರೆ ನನ್ನ ಶೇಂಗಾ ಚಟ್ನಿ. ನಾನು ಕುಟ್ಟಲು ಕೂತರೆ ಲಕ್ಷ್ಮೇಶ್ವರದ ನಮ್ಮ ಓಣಿಯೇ ರೊಟ್ಟಿ ಹಿಡಿದು ಕಾಯುತ್ತದೆ ಎಂದು ನಾನೇ ಹೇಳಿಕೊಂಡು ತಿರುಗುತ್ತಿದ್ದೆ. ಈ ಕಾಳು ಕಡಲಾಚೆಯಿಂದ ಬಂದದ್ದಂತೆ. ಬಂದದ್ದೇನೋ ಖರೆ, ಆದರೆ ನಮ್ಮ ಹೋಳಿಗೆಯೊಳಗೂ ಹೊಕ್ಕು ಮನೆ ಅಳಿಯನಂತೆ ಕೂತುಬಿಟ್ಟಿದೆ.

ಆರು ವರ್ಷದ ಮೊಮ್ಮಗಳು ಗೌರಿಗೆ ಆಗಾಗ ಊಟವಾದ ಮೇಲೆ ತುಟಿ ಬಾತು ಮೈತುಂಬ ದದ್ದು ಏಳುತ್ತಿದ್ದವು. ನಾನು ದೃಷ್ಟಿಯೆಂದು ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಿದ್ದೆ. ಒಂದು ದಿನ ಮಗುವಿಗೆ ಉಸಿರೇ ಸಿಕ್ಕಿಕೊಂಡಿತು. ಗದಗಿನ ಆಸ್ಪತ್ರೆಗೆ ಓಡಿದೆವು; ಸದ್ಯ, ಕೂಸು ಉಳಿಯಿತು. ಡಾಕ್ಟರು, "ಯಾವುದೋ ತಿನಿಸು ಒಗ್ಗವಲ್ದು. ತಿಂದದ್ದೆಲ್ಲಾ ಒಂದೂ ಬಿಡದಂಗ ಬರಕೊಂಡು ಬರ್ರಿ" ಎಂದರು.

ಕನ್ನಡಕ ಏರಿಸಿ ಬರೆದೆ: ರೊಟ್ಟಿ, ಹೆಸರುಕಾಳಿನ ಪಲ್ಯ, ಹಾಲು, ಬಾಳೆಹಣ್ಣು. ಪಕ್ಕದ ಮನೆಯಲ್ಲಿ ಬಟ್ಟೆ ಹೊಲಿಯುವ ಖೈರುನ್‌ಬಿ ಕೊಟ್ಟಿದ್ದ ಶ್ಯಾವಿಗೆಯನ್ನೂ ಬರೆದೆ. ನನ್ನ ಗುಮಾನಿಯೆಲ್ಲ ಅದರ ಮೇಲೆಯೇ! ಪಟ್ಟಿ ಓದಿದವಳೂ ಅವಳೇ.

"ಅಕ್ಕಾರ, ಚಟ್ನಿ ಎಲ್ಲೈತ್ರಿ ಇದ್ರಾಗ?"

"ಅಯ್ಯ, ಅದನ್ನೇನು ಬರಿಯೂದವಾ? ಅದು ರೊಟ್ಟಿಗೆ ಹಚ್ಚಿಕೊಳ್ಳೂದು!"

ನಮ್ಮ ಕಡೆ ಹಾಗೆಯೇ. ಚಟ್ನಿಯನ್ನು ಯಾರೂ ಅಡುಗೆಯ ಲೆಕ್ಕಕ್ಕೆ ಹಿಡಿಯುವುದಿಲ್ಲ. ಉಪ್ಪು, ನೀರು ಇದ್ದ ಹಾಗೆ ಅದು ಇದ್ದೇ ಇರುತ್ತದೆ. ರಕ್ತ ಪರೀಕ್ಷೆ ಮಾಡಿಸಿದಾಗ ಖೈರುನ್‌ಬಿಯ ಗುಮಾನಿಯೇ ನಿಜವಾಯಿತು: ಗೌರಿಗೆ ಒಗ್ಗದ್ದು ಶೇಂಗಾ. ಮುದ್ದು ಮಾಡಿ ತುತ್ತಿಟ್ಟವಳು ನಾನೇ ಅಲ್ಲವೇ? ಎರಡು ದಿನ ಅತ್ತೆ.

ಈಗ ಮನೆಯಲ್ಲಿ ಅಗಸಿ ಚಟ್ನಿ, ಅದಕ್ಕೆ ಹೊಸ ಒರಳು. ಹೋದಲ್ಲೆಲ್ಲ ಗೌರಿಯ ಔಷಧದ ಚೀಲ ಜೊತೆಗಿರುತ್ತದೆ. ಶಿಗ್ಲಿಯ ಮದುವೆಯೊಂದರಲ್ಲಿ ಯಾರೋ ಹೆಂಗಸು ಗೌರಿಯ ಎಲೆಗೆ ಶೇಂಗಾ ಹೋಳಿಗೆ ಬಡಿಸಲು ಬಂದು, "ಒಂಚೂರು ತಿಂದ್ರ ಏನಾಗತೈತಿ ಬಿಡವಾ" ಎಂದಾಗ ನಾನು ಪಂಕ್ತಿಯಲ್ಲೇ ಜಗಳಕ್ಕೆ ಬಿದ್ದೆ. ಹೋದ ವರ್ಷವಾಗಿದ್ದರೆ ಆ ಮಾತು ಆಡುತ್ತಿದ್ದವಳು ನಾನೇ, ಪಾಪ ಆಕೆಗೇನು ಗೊತ್ತು.

ಹಾಳು ನಾಲಿಗೆ ಮಾತ್ರ ಚಪಲ ಬಿಟ್ಟಿಲ್ಲ. ಅಡರಕಟ್ಟಿಯ ತಂಗಿಯ ಮನೆಗೆ ಹೋದಾಗ ಶೇಂಗಾ ಹೋಳಿಗೆ ತಿನ್ನುತ್ತೇನೆ. ಮೊನ್ನೆ ತಿಂದು ಬಂದವಳು ಬಚ್ಚಲಿಗೆ ಹೋಗಿ ಬಾಯಿ, ಕೈ ತಿಕ್ಕಿ ತೊಳೆದೆ, ಸೀರೆ ಬದಲಿಸಿದೆ. ಗೌರಿ ದೂರದಲ್ಲೇ ನಿಂತು, "ಕೈ ತೋರಿಸು ಅಜ್ಜಿ" ಎಂದಳು. ಚಾಚಿದೆ. ಮೂಗು ಮುಂದೆ ಮಾಡಿ ಮೂಸಿದಳು.

"ಸಾಬೂನಿನ ವಾಸನಿ ಐತಿ. ಆತು, ಎತ್ಗೋ."

ನನ್ನ ಕೈರುಚಿಯನ್ನು ಹೊಗಳಿದವರು ಬಹಳ ಮಂದಿ. ಸಾಬೂನು ನಾರುವ ಈ ಕೈಗೆ ಸಿಕ್ಕ ಹೊಗಳಿಕೆ ಮಾತ್ರ ಅವೆಲ್ಲಕ್ಕಿಂತ ದೊಡ್ಡದು.