ಎತ್ತಿನ ಗಡಿಗೆಯ ಕಟ್ಟು

ಹುರುಳಿ ಬೇಯುವ ವಾಸನೆಯನ್ನು ಯಾರೂ ಹೊಗಳುವುದಿಲ್ಲ. ಹಸಿ ಮಣ್ಣು, ಒದ್ದೆ ಗೋಣಿಚೀಲ, ಹೊಗೆ, ಮೂರೂ ಕೂಡಿದಂಥ ಭಾರವಾದ ವಾಸನೆ ಅದು. ಈಗ ಆಗಾಗ ನನ್ನ ಅಡುಗೆಮನೆಯ ಕುಕ್ಕರಿನಿಂದ ಏಳುತ್ತದೆ. ಬೆರಳ ತುದಿ ಚುಚ್ಚಿ ರಕ್ತದ ಸಕ್ಕರೆ ನೋಡಿಕೊಳ್ಳುವ ವಯಸ್ಸು ನನಗೂ ಬಂದಿದೆ. ಊಟಕ್ಕೆ ಮೊದಲು ಮನೆಯಲ್ಲೇ ಮಾಡಿದ ಸೂಪು ಕುಡಿಯಿರಿ ಎಂದು ಡಾಕ್ಟರು ಹೇಳಿದರು, ತಲೆಯಾಡಿಸಿ ಬಂದೆ. ಕೊಟ್ಟೂರಿನ ನಮ್ಮ ಮನೆಯಲ್ಲಿ ಸೂಪು ಎಂಬ ಮಾತೇ ಇರಲಿಲ್ಲ. ಇದ್ದದ್ದು ಕಟ್ಟು, ಬೆಂದ ಹುರುಳಿಯಿಂದ ಬಸಿದು ತೆಗೆದ ಕಂದು ನೀರು. ಬಸಿದ ಮೇಲೆ ಉಳಿಯುವ ಕಾಳನ್ನು ಏನು ಮಾಡಬೇಕೆಂದು ನನಗೆ ಈಗಲೂ ತೋಚುವುದಿಲ್ಲ. ಆ ಮನೆಯಲ್ಲಿ ಅಂಥ ಪ್ರಶ್ನೆ ಏಳುತ್ತಿರಲಿಲ್ಲ. ಕಾಳು ಎತ್ತಿನದು, ಕಟ್ಟು ಮನುಷ್ಯರದು.

ತೊಂಬತ್ತರ ದಶಕದ ಮೊದಲ ವರ್ಷಗಳು. ಮನೆ ಹೊಕ್ಕರೆ ಮೊದಲು ಎತ್ತು ಕಟ್ಟುವ ಅಂಕಣ, ಮೆಟ್ಟಿಲು ಹತ್ತಿದರೆ ಪಡಸಾಲೆ, ಅದರಾಚೆ ಹಗಲಲ್ಲೂ ಕತ್ತಲಿರುವ ಅಡುಗೆಮನೆ. ಅವ್ವ ನಸುಕಿನಲ್ಲೆದ್ದು ಮೊದಲು ಎತ್ತಿನ ಹುರುಳಿಗೆ ಒಲೆ ಹಚ್ಚುತ್ತಿದ್ದಳು. ಕಾಳು ಬಿರಿಯುವ ಹೊತ್ತಿಗೆ ನಾವು ಹಾಸಿಗೆಯಲ್ಲಿ ಹೊರಳುತ್ತಿದ್ದೆವು. ಎತ್ತುಗಳಿಗೆ ಆ ವಾಸನೆ ನಮಗಿಂತ ಮೊದಲೇ ತಿಳಿದು ಕೊರಳ ಗಂಟೆಗಳು ಅಲುಗುತ್ತಿದ್ದವು. ಕಟ್ಟನ್ನು ಸಾರಿಗೆಂದು ಅವ್ವ ಬಸಿದಿಟ್ಟ ಮೇಲೆ, ಆರಿದ ಕಾಳನ್ನು ಅಪ್ಪ ಗೋದಲಿಗೆ ಸುರಿಯುತ್ತಿದ್ದ. ಇಷ್ಟಾದ ಮೇಲೆಯೇ ನಮ್ಮ ಮನೆಯಲ್ಲಿ ಬೆಳಗಾಯಿತು ಎಂದು ಲೆಕ್ಕ.

ಅಪ್ಪನ ತಾಯಿ, ನಮ್ಮ ಅಜ್ಜಿಗೆ ಸಕ್ಕರೆ ಕಾಯಿಲೆ ಇರುವುದು ಗೊತ್ತಾದದ್ದು ಕಾಲಿನ ಗಾಯ ಮಾಯದೆ ಹರಪನಹಳ್ಳಿಯ ಡಾಕ್ಟರ ಹತ್ತಿರ ಹೋದಾಗ. ಅಲ್ಲಿಯ ಕಾಂಪೌಂಡರ್ ಗಾಜಿನ ನಳಿಗೆಯಲ್ಲಿ ನೀಲಿ ಔಷಧಿಗೆ ಮೂತ್ರ ಹಾಕಿ ದೀಪಕ್ಕೆ ಹಿಡಿದ. ನೀಲಿ ಹಸಿರಾಗಿ, ಹಳದಿಯಾಗಿ, ಕೊನೆಗೆ ಇಟ್ಟಿಗೆಯ ಬಣ್ಣಕ್ಕೆ ನಿಂತಿತು. ಮನೆಗೆ ಬಂದ ಅಜ್ಜಿ, "ನನ್ನ ಹೊಟ್ಯಾಗ ಇಟ್ಟಂಗಿ ಭಟ್ಟಿ ಐತಂತ ನೋಡು" ಎಂದು ಅವ್ವನಿಗೆ ಹೇಳಿ ಕಾಲು ಚಾಚಿ ಕುಳಿತಳು. ಬೆಲ್ಲ ಬಿಟ್ಟಳು, ಅನ್ನ ಬಿಟ್ಟಳು, ಅದಕ್ಕಾಗಿ ಒಂದು ಮಾತೂ ಆಡಲಿಲ್ಲ. ಆಕೆಗೆ ತಡೆಯಲಾಗದೆ ಹೋದದ್ದು ತನಗೊಬ್ಬಳಿಗಾಗಿ ಬೇರೆ ಅಡುಗೆ ಆಗುವುದು. ಮಕ್ಕಳು ಬಿಸಿ ಅನ್ನ ಉಣ್ಣುವಾಗ ತನಗೆಂದು ಮಾಡಿದ ಪಲ್ಯದ ಬಟ್ಟಲನ್ನು ಸೆರಗಿನ ಮರೆಗೆ ಇಟ್ಟುಕೊಳ್ಳುತ್ತಿದ್ದಳು.

ಕಷ್ಟ ಬಂದದ್ದು ಗುಳಿಗೆಯಿಂದ. ಮುಂಜಾನೆ ಗುಳಿಗೆ ನುಂಗಿ ಅರ್ಧ ತಾಸಿನೊಳಗೆ ಏನಾದರೂ ತಿನ್ನಬೇಕು ಎಂದು ಡಾಕ್ಟರು ಹೇಳಿದ್ದರು. ಲಿಂಗಪೂಜೆ ಮುಗಿಯದೆ ಅಜ್ಜಿ ಏನನ್ನೂ ತಿನ್ನುವವಳಲ್ಲ. ಪೂಜೆ ಆದ ಮೇಲೆ ಗುಳಿಗೆ ತಗೊಳ್ಳಬಹುದಿತ್ತು. ಆದರೆ ಪೂಜೆ ಮುಗಿಸಿದ ಬಾಯಿಗೆ ಮೊದಲು ಬೀಳಬೇಕಾದದ್ದು ಪ್ರಸಾದ, ಗುಳಿಗೆಯಲ್ಲ ಎಂಬುದು ಆಕೆಯ ವಾದ. ಔಷಧಿ ಊಟವಲ್ಲ, ಆದ್ದರಿಂದ ಅದನ್ನು ಮೊದಲೇ ನುಂಗಿದರೆ ದೋಷವಿಲ್ಲ ಎಂದು ತಾನೇ ತೀರ್ಮಾನಿಸಿ, ನುಂಗಿ, ಸ್ನಾನ ಮಾಡಿ, ವಿಭೂತಿ ಧರಿಸಿ, ಅಂಗೈಯಲ್ಲಿ ಲಿಂಗ ಹಿಡಿದು ಮಣೆಯ ಮೇಲೆ ಕೂಡುತ್ತಿದ್ದಳು. ಆಕೆಯ ಪೂಜೆಗೆ ಗಡಿಯಾರ ಇರಲಿಲ್ಲ. ಒಂದು ಬೆಳಿಗ್ಗೆ ಗುಳಿಗೆಗೆ ಸಕ್ಕರೆ ತೀರ ಇಳಿದು ಮಣೆಯಿಂದ ಪಕ್ಕಕ್ಕೆ ವಾಲಿದಳು. ಮೈಯೆಲ್ಲ ಬೆವರು, ಕೈ ನಡುಗುತ್ತಿತ್ತು, ನಾಲಿಗೆ ತೊದಲುತ್ತಿತ್ತು, ಆದರೂ ಲಿಂಗ ಹಿಡಿದ ಮುಷ್ಟಿ ಬಿಚ್ಚಿರಲಿಲ್ಲ. ಬಹಿಷ್ಕಾರ ಹಾಕಿದ್ದ ಸಕ್ಕರೆಯನ್ನೇ ಅಪ್ಪ ಆಕೆಯ ಬಾಯಿಗಿಟ್ಟ.

ಮರುದಿನದಿಂದ ಅವ್ವ ರೊಟ್ಟಿ ಬಡಿಯುತ್ತ ಪಡಸಾಲೆಯತ್ತ ಕಿವಿಯಿಡುವುದನ್ನು ಕಲಿತಳು. ರೊಟ್ಟಿಯ ಸದ್ದು ನಡುನಡುವೆ ನಿಲ್ಲುತ್ತಿತ್ತು. ಅಜ್ಜಿಯ ಮಂತ್ರ ಕೇಳಿದರೆ ಮತ್ತೆ ಶುರುವಾಗುತ್ತಿತ್ತು. ಕೊನೆಗೊಂದು ದಿನ ಕಟ್ಟಿನ ನೀರಿಗೆ ಒಂದು ಹಿಡಿ ಬೆಂದ ಕಾಳನ್ನೇ ಅರೆದು ಕದಡಿ, ಜೀರಿಗೆ ಮೆಣಸು ಕುಟ್ಟಿ ಹಾಕಿ, ಬಟ್ಟಲು ತಂದು ಅಜ್ಜಿಯ ಮುಂದಿಟ್ಟಳು. ಮೊದಲು ಇದನ್ನೇ ಲಿಂಗಕ್ಕೆ ತೋರಿಸಿ ಕುಡಿಯಬೇಕು, ಆಮೇಲೆ ಎಷ್ಟು ಹೊತ್ತಾದರೂ ಕೂಡಬಹುದು ಎಂದಳು. ಅಜ್ಜಿ ಬಟ್ಟಲು ಮುಟ್ಟಲಿಲ್ಲ.

"ಎತ್ತಿನ ಗಡಿಗ್ಯಾಂದ ಲಿಂಗಕ್ಕ ಎಡಿ ಹಿಡಿ ಅಂತೀಯಲ್ಲ, ಎಲ್ಲ್ಯರ ಕೇಳೀಯೇನು?"

"ಗುಡ್ಯಾಗ ಲಿಂಗದ ಮುಂದ ಕುಂತಾತ ಯಾರ್ರೀ ಅತ್ತಿ, ಎತ್ತೇ ಅಲ್ಲೇನು? ಆತನ ಗಡಿಗ್ಯಾಂದು ಲಿಂಗಕ್ಕ ಆಗಂಗಿಲ್ಲೇನು?" ಅವ್ವನ ದನಿ ಏರಲಿಲ್ಲ. "ನನಗ ಸಾಕಾಗೇತ್ರಿ. ದಿನಾ ನೀವು ಬಿದ್ರೇನೋ ಅಂತ ಕಿವಿಗೊಟ್ಟು ರೊಟ್ಟಿ ಬಡಿಯಾಕ ನನ್ನ ಕೈಲೆ ಆಗಂಗಿಲ್ಲ."

ಅಜ್ಜಿ ಎತ್ತುಗಳತ್ತ ನೋಡಿದಳು. ಆಮೇಲೆ ಬಟ್ಟಲನ್ನು ಲಿಂಗಕ್ಕೆ ತೋರಿಸಿ, ಕಣ್ಣುಮುಚ್ಚಿ, ಕುಡಿದಳು. ಅಂದಿನಿಂದ ಅದು ಪ್ರಸಾದವಾಯಿತು. ಪ್ರಸಾದವಾದ ಮೇಲೆ ಒಲ್ಲೆ ಎನ್ನುವಂತಿರಲಿಲ್ಲ.

ಕೆಲವು ವರ್ಷಗಳ ನಂತರ ಅಪ್ಪ ಎತ್ತುಗಳನ್ನು ಮಾರಿದ. ಊರಿಗೆ ಟ್ರ್ಯಾಕ್ಟರುಗಳು ಬಂದಿದ್ದವು, ಬಾಡಿಗೆಗೆ ಹೇಳಿದರೆ ಅರ್ಧ ದಿನದಲ್ಲಿ ಹೊಲ ಮುಗಿಯುತ್ತಿತ್ತು. ಗಂಟೆಯ ಸದ್ದಿಲ್ಲದ ಅಂಕಣದಲ್ಲಿ ಬೆಳಗಾದದ್ದೇ ತಿಳಿಯುತ್ತಿರಲಿಲ್ಲ. ಅವ್ವ ದೊಡ್ಡ ಗಡಿಗೆ ಮೂಲೆಗಿಟ್ಟು, ಸಣ್ಣದೊಂದರಲ್ಲಿ ಹುರುಳಿ ಬೇಯಿಸಿ ಕಟ್ಟು ಮಾಡಿಕೊಟ್ಟಳು. ಅಜ್ಜಿ ಬಟ್ಟಲನ್ನು ಹಿಂದಕ್ಕೆ ಸರಿಸಿದಳು. "ನನ್ನೊಬ್ಬಾಕಿ ಬಾಯಿ ಸಲುವಾಗಿ ಒಲಿ ಹೊತ್ತಸಬ್ಯಾಡ. ಮನ್ಯಾಗ ಆಗೋದ್ರಾಗ ನಂದೊಂದು ಪಾಲು ಇರ್ಲಿ, ಅಷ್ಟ ಸಾಕು." ಅಪ್ಪ ಬೈದು ನೋಡಿದ, ನಾವು ಗೋಗರೆದೆವು. ಆ ವಾರದಲ್ಲೇ ಮತ್ತೆ ಬೆವರು, ಮತ್ತೆ ಸಕ್ಕರೆ.

ಆಗ ಅವ್ವ ಒಂದು ಕೆಲಸ ಮಾಡಿದಳು, ಯಾರನ್ನೂ ಕೇಳದೆ. ಮೂಲೆಯ ದೊಡ್ಡ ಗಡಿಗೆ ಮತ್ತೆ ಒಲೆಗೇರಿತು. ಕಟ್ಟು ಬಸಿದಿಟ್ಟು, ಬೆಂದ ಹುರುಳಿಯನ್ನು ಗಡಿಗೆಯ ಸಮೇತ ಹೊತ್ತುಕೊಂಡು, ಹಿಂದಿನ ಓಣಿಯ ಹಾಲಪ್ಪನ ಎತ್ತುಗಳಿಗೆ ಹಾಕಿ ಬಂದಳು. ಹಾಲಪ್ಪ ಟ್ರ್ಯಾಕ್ಟರನ್ನು ನಂಬದ ಮುದುಕ. "ನಮ್ಮೆತ್ತು ನಿಮ್ಮನಿ ಅಳಿಯರಾದ್ವು ಬಿಡವ್ವ. ನನಗ ಮಾತ್ರ ಒಂದಿನಾನೂ ಉಣ್ಣಾಕ ಕರೀಲಿಲ್ಲ" ಎಂದನಂತೆ. ಅವ್ವ ಹಿಂದಿರುಗಿದಾಗ ಅಜ್ಜಿ ಮಣೆಯ ಮೇಲಿದ್ದಳು, ಬಟ್ಟಲು ಮುಂದಿತ್ತು. "ಎತ್ತು ತಿಂದ್ವೇನು?" ಎಂದು ಕೇಳಿದಳು. ಅವ್ವ ಹೊಸ್ತಿಲಲ್ಲೇ ನಿಂತು "ತಿಂದ್ವು" ಎಂದಳು. ಅಜ್ಜಿ ಬಟ್ಟಲೆತ್ತಿಕೊಂಡಳು.

ಮುಂದೆ ವರ್ಷಗಟ್ಟಲೆ ಪ್ರತಿ ಬೆಳಿಗ್ಗೆ ಇದೇ ನಡೆಯಿತು. ಮಳೆಗೆ ಓಣಿ ಕೆಸರಾದಾಗ, ಅವ್ವನ ಮೊಣಕಾಲು ಹಿಡಿದುಕೊಂಡಾಗ, ಆಕೆಗೇ ಜ್ವರ ಬಂದಾಗಲೂ. ನಾನು ಹೊರುತ್ತೇನೆಂದರೆ, ಚೆಲ್ಲುತ್ತೀ ಎನ್ನುತ್ತಿದ್ದಳು. ಆಕೆಯ ದಣಿವನ್ನು ನಾವು ದಿನವೂ ನೋಡಿದೆವು, ನೋಡಿ ನೋಡಿ ಅದು ಆಕೆಯ ಮುಖವೇ ಎಂದುಕೊಂಡೆವು.

ಎರಡು ಸಾವಿರದ ದಶಕದ ಒಂದು ಚಳಿಗಾಲದಲ್ಲಿ ಅಜ್ಜಿ ಹೋದಳು. ಸಕ್ಕರೆಯಿಂದಲ್ಲ, ವಯಸ್ಸಿನಿಂದ ಎಂದು ಡಾಕ್ಟರು ಹೇಳಿದರು. ಅವ್ವ ಅದನ್ನು ಕೇಳಿಸಿಕೊಂಡಳು. ಇಂದು ಆ ಮನೆ ಇಲ್ಲ. ಎತ್ತುಗಳ ಅಂಕಣವಿದ್ದ ಜಾಗದಲ್ಲಿ ಷಟರ್ ಎಳೆಯುವ ಅಂಗಡಿಗಳಿವೆ. ಆದರೆ ಅಂದು ಅಜ್ಜಿಯನ್ನು ಮಣ್ಣು ಮಾಡಿ ಬಂದ ಮರುದಿನದ ಬೆಳಿಗ್ಗೆ ನನಗೆ ಎಚ್ಚರವಾದದ್ದು ಹುರುಳಿಯ ವಾಸನೆಗೆ. ಅವ್ವ ಒಲೆಯ ಮುಂದಿದ್ದಳು. ಬಸಿಯಲೆಂದು ಗಡಿಗೆಯನ್ನು ವಾಲಿಸಿದವಳು ಅಜ್ಜಿಯ ಬಟ್ಟಲನ್ನು ನೋಡಿ ಕೈ ತಡೆದಳು. ಮತ್ತೆ ನೆಟ್ಟಗೆ ನಿಲ್ಲಿಸಿ, ಮುಚ್ಚಳ ಹಾಕಿ, ಕಟ್ಟಿನ ಸಮೇತ ಎತ್ತಿಕೊಂಡಳು. ದಿನಕ್ಕಿಂತ ಭಾರವಾಗಿತ್ತು. ನಾನು ಕೈ ಚಾಚಿದೆ, ಕೊಡಲಿಲ್ಲ, ಓಣಿ ದಾಟಿ ಹೋದಳು.

ತಿರುಗಿ ಬಂದಾಗ ಸೀರೆಯ ನಿರಿಗೆ ಕಟ್ಟಿನ ನೀರಿಗೆ ನೆನೆದಿತ್ತು. ಹೊಸ್ತಿಲಲ್ಲಿ ಖಾಲಿ ಗಡಿಗೆ ಹಿಡಿದು ನಿಂತು, ಎಂದಿನಂತೆ "ತಿಂದ್ವು" ಎಂದಳು. ಪಡಸಾಲೆಯಲ್ಲಿ ಮಣೆ ಗೋಡೆಗೆ ಒರಗಿತ್ತು. ನಾನೊಬ್ಬನೇ ಇದ್ದೆ.