ಹತ್ತನೆಯವರು ಪುದೀನ ತರಲು ಹೋದರು

ನಾನು ಹುಟ್ಟಾ ಪುಕ್ಕಲ. ಮನೆಗೆ ಬೀಗ ಹಾಕಿ, ಹಲಸೂರು ಕೆರೆಯವರೆಗೆ ನಡೆದು, ಹಾಕಿದೆನೋ ಇಲ್ಲವೋ ಅಂತ ವಾಪಸ್ಸು ಹೋಗಿ ಎಳೆದು ನೋಡಿ ಬರುವ ಜಾತಿ. ಇಂಥವನಿಗೆ ತೊಂಬತ್ತರ ದಶಕದಲ್ಲಿ ಸಿಕ್ಕಿದ ಕೆಲಸ ಯಾವುದಪ್ಪಾ ಅಂದರೆ, ಶಿವಾಜಿನಗರದ ಒಂದು ಮಹಡಿಯ ಮೇಲೆ ಸ್ಕೂಲ್ ಯೂನಿಫಾರಂ ಹೊಲಿಯುವ ಕಡೆ ಹಾಜರಿ ಪುಸ್ತಕ ಬರೆಯುವುದು. ಅದರಲ್ಲಿ ಹೆದರೋಕೆ ಏನಿದೆ ಅಂತ ನಿಮಗನ್ನಿಸಬಹುದು. ಪುಸ್ತಕದಲ್ಲಿ ಒಂಬತ್ತು ಹೆಸರಿತ್ತು. ಕೆಲಸಕ್ಕೆ ಬರುತ್ತಿದ್ದವರು ಹತ್ತು ಜನ.

ಕರೆಂಟಿನ ಮಿಷನ್ ಇರುವಲ್ಲಿ ಹತ್ತು ಜನ ಸೇರಿದರೆ ಸರ್ಕಾರದ ಕಾರ್ಮಿಕ ವಿಮೆ ಕಟ್ಟಬೇಕು. ಕಟ್ಟಿದರೆ ಎಲ್ಲರಿಗೂ ಕಾರ್ಡು, ಆಸ್ಪತ್ರೆ, ಔಷಧಿ, ಕಾಯಿಲೆ ಬಿದ್ದು ಮಲಗಿದ ದಿನಗಳಿಗೆ ಅರ್ಧ ಸಂಬಳ. ಒಂಬತ್ತೇ ಜನ ಆದರೆ ಯಾರಿಗೂ ಏನೂ ಇಲ್ಲ. ಒಂಬತ್ತು ಜನಕ್ಕೆ ಬಂದ ಜ್ವರ ಕಾಯಿದೆಯ ಕಣ್ಣಿಗೆ ಜ್ವರವೇ ಅಲ್ಲ. ಆದ್ದರಿಂದ ನಮ್ಮ ಮಾಲೀಕರು ಒಂಬತ್ತಕ್ಕೆ ನಿಂತಿದ್ದರು. ಹತ್ತನೆಯವರು ಇದ್ದೂ ಇರಲಿಲ್ಲ.

ಆ ಹತ್ತನೆಯವರು ಅಂದರೆ ಆಪಾ. ಹತ್ತಿರದ ಗಲ್ಲಿಯಿಂದ ಬಂದು ಅಂಗಿಗಳಿಗೆ ಕೈಯಲ್ಲೇ ಕಾಜಾ ಹಾಕಿ ಗುಂಡಿ ಹೊಲಿಯುತ್ತಿದ್ದರು. ನಮ್ಮೆಲ್ಲರಿಗಿಂತ ದೊಡ್ಡವರು, ಹಾಗಾಗಿ ಎಲ್ಲರೂ ಅಕ್ಕ ಅನ್ನುವ ಅರ್ಥದಲ್ಲಿ ಆಪಾ ಅಂತಲೇ ಕರೆಯುತ್ತಿದ್ದೆವು. ಹಾಜರಿ ಬರೆಯುವ ನನ್ನನ್ನು ಅವರು ಮುನ್ಷಿ ಸಾಬ್ ಅನ್ನುತ್ತಿದ್ದರು. ಅದರಲ್ಲಿ ಮರ್ಯಾದೆ ಎಷ್ಟು, ಗೇಲಿ ಎಷ್ಟು ಅಂತ ನಾನು ಯಾವತ್ತೂ ವಿಚಾರಿಸಲಿಲ್ಲ.

ವಿಮೆ ಆಫೀಸಿನ ಇನ್ಸ್‌ಪೆಕ್ಟರ ಸ್ಕೂಟರ್ ಕೆಳಗೆ ನಿಂತ ಸದ್ದು ಕೇಳಿದರೆ ಕಟಿಂಗ್ ಮಾಸ್ಟರ್ ಟೇಬಲ್ಲಿಗೆ ಕತ್ತರಿಯಿಂದ ಮೂರು ಸಲ ಕುಟ್ಟುತ್ತಿದ್ದರು. ಆಪಾ ಬುರ್ಖಾ ಎಳೆದುಕೊಂಡು, ಚೀಲ ಹಿಡಿದು, ಹಿಂದಿನ ಮೆಟ್ಟಿಲಿಳಿದು ಮಾರ್ಕೆಟ್ಟಿಗೆ ಹೋಗಿಬಿಡುತ್ತಿದ್ದರು. ಸ್ಕೂಟರ್ ಹೋದ ಮೇಲೆ ಒಂದು ಕಟ್ಟು ಪುದೀನದ ಜೊತೆ ವಾಪಸ್ಸು. ಅಕಸ್ಮಾತ್ ಮೆಟ್ಟಿಲಲ್ಲಿ ಸಿಕ್ಕಿಬಿದ್ದರೆ ಹೇಳೋಕೆ ಒಂದು ಮಾತೂ ಸಿದ್ಧವಿತ್ತು: ‘ಮಾಸ್ಟರ ಅಕ್ಕ, ಸೊಪ್ಪು ಕೊಡೋಕೆ ಬಂದಿದ್ದಾರೆ.’ ಮಾತು ಜೋಡಿಸಿದವನು ನಾನೇ. ಮಾಸ್ಟರು ತಮಿಳರು, ತಿರುಪತಿಗೆ ಮುಡಿ ಕೊಟ್ಟು ಬಂದ ಬೋಳು ತಲೆ. ಈ ಬುರ್ಖಾದ ಅಕ್ಕ ಅವರಿಗೆ ಎಲ್ಲಿಂದ ಬಂದರು ಅಂತ ಯಾರಾದರೂ ಕೇಳಿದರೇನು ಗತಿ ಅಂತ ನಾನು ಎಷ್ಟೋ ದಿನ ಊಟ ಬಿಟ್ಟು ಯೋಚಿಸಿದ್ದೇನೆ.

ಈಗ ನಾಚಿಕೆಯಾಗುವುದು ಬೇರೆ ಕಾರಣಕ್ಕೆ. ಪುಸ್ತಕದಲ್ಲಿ ಹೆಸರಿದ್ದ ಒಂಬತ್ತು ಜನರೂ ನಾವು ಪರ್ಮನೆಂಟು, ಆಪಾ ಮಾತ್ರ ಹೊರಗಿನವರು ಅಂದುಕೊಂಡಿದ್ದೆವು. ಅವರನ್ನು ಮೆಟ್ಟಿಲಿಳಿಸಿದಾಗಲೆಲ್ಲ ನಮ್ಮ ಕಾರ್ಡೂ ಅವರ ಹಿಂದೆಯೇ ಇಳಿದುಹೋಗುತ್ತಿತ್ತು ಅನ್ನೋದು ಒಬ್ಬರಿಗೂ ಹೊಳೆದಿರಲಿಲ್ಲ. ಅವರು ತಂದ ಪುದೀನದ ಚಟ್ನಿ ಮಾಡಿಸಿ ತಿನ್ನುತ್ತಿದ್ದೆವು.

ಒಂದು ಮಳೆಗಾಲದಲ್ಲಿ ಆಪಾಗೆ ಪಿತ್ತಕೋಶದಲ್ಲಿ ಕಲ್ಲು ಅಂತ ಗೊತ್ತಾಯಿತು. ನೋವು ಬಂದಾಗ ಅಂಗಿಯ ರಾಶಿಯ ಮೇಲೆ ಬಾಗಿ ಕೂತುಬಿಡುತ್ತಿದ್ದರು. ದೊಡ್ಡಾಸ್ಪತ್ರೆಯಲ್ಲಿ ಕುಯ್ಯುತ್ತೇವೆ ಅಂದಿದ್ದರು, ಆದರೆ ಆಮೇಲೆ ತಿಂಗಳು ಮಲಗಬೇಕು. ಗಂಡನಿಗೆ ಕಣ್ಣು ಹೋಗಿತ್ತು, ದುಡಿಯುವವರು ಇವರೊಬ್ಬರೇ.

“ಮಲಗಿದ್ರೆ ಒಲೆ ಯಾರು ಹಚ್ತಾರೆ?” ಅಂತ ನನ್ನನ್ನು ಕೇಳಿದರು. ಆಮೇಲೆ, “ಆ ಕಾರ್ಡ್ ಇದ್ರೆ ಮಲಗಿದ್ರೂ ಸಂಬಳ ಅಂತಲ್ಲ, ನಿಜಾನಾ?”

“ನಿಜ ಆಪಾ. ಆದ್ರೆ ಹತ್ತು ಜನ ಇರ್ಬೇಕು.”

ಆಪಾ ಸುತ್ತ ಕಣ್ಣಾಡಿಸಿ ಬೆರಳು ಮಡಚಿ ಎಣಿಸಿದರು.

ಮುಂದಿನ ವಾರ ಕತ್ತರಿ ಮೂರು ಸಲ ಕುಟ್ಟಿತು. ಆಪಾ ಏಳಲಿಲ್ಲ.

“ಆಪಾ, ಬಂದ್ಬಿಟ್ರು, ಏಳಿ,” ಅಂದೆ.

“ಬರ್ಲಿ.”

“ಅಲ್ಲ ಆಪಾ, ಪುದೀನ...”

“ಪುದೀನ ನೀನ್ ತಗೊಂಡ್ ಬಾ, ಮುನ್ಷಿ ಸಾಬ್. ಹತ್ತರಲ್ಲಿ ಯಾರ್ ಎದ್ದು ಹೋದ್ರೂ ಒಂಬತ್ತೇ ತಾನೇ? ದಿನಾ ನಾನೇ ಯಾಕೆ?”

ಮಾಸ್ಟರ್ ಕತ್ತರಿ ಎತ್ತಿದ ಕೈ ಇಳಿಸಲೇ ಇಲ್ಲ. ಇಷ್ಟು ವರ್ಷ ಲೆಕ್ಕ ಬಲ್ಲವನು ಅಂತ ಬೀಗಿದವನು ನಾನು, ಆದರೆ ಇಷ್ಟು ಸಣ್ಣ ಲೆಕ್ಕ ಹೊಳೆದದ್ದು ಕಾಜಾ ಹಾಕುವವರಿಗೆ.

ಇನ್ಸ್‌ಪೆಕ್ಟರು ಒಳಗೆ ಬಂದು ಪುಸ್ತಕ ನೋಡಿದರು, ಆಪಾರನ್ನು ನೋಡಿದರು. “ಇವರು ಯಾರ‍್ರೀ?”

ಸಿದ್ಧವಿದ್ದ ಮಾತು ನಾಲಿಗೆಯ ತುದಿಗೆ ಬಂತು. ಧೈರ್ಯ ಬಂತು ಅಂತ ಬರೆದುಕೊಳ್ಳಲು ಆಸೆಯೇ. ಬರಲಿಲ್ಲ, ಕುರ್ಚಿ ಹಿಡಿದುಕೊಂಡೇ ನಿಂತಿದ್ದೆ. ಆದರೂ ಹೇಳಿದೆ: “ಹತ್ತನೆಯವರು ಸಾರ್.”

“ಪುಸ್ತಕದಲ್ಲಿ ಒಂಬತ್ತೇ ಇದ್ಯಲ್ಲ?”

“ಹೌದು ಸಾರ್. ಬೇಕು ಅಂತಲೇ ಬಿಟ್ಟಿದ್ದೀನಿ. ಬರೆದವನು ನಾನೇ.”

ಆ ಸಂಜೆ ಮಾಲೀಕರು, “ಪುಕ್ಕಲ ಅಂತ ನಂಬಿ ಇಟ್ಕೊಂಡ್ರೆ ನನ್ನ ಬುಡಕ್ಕೇ ನೀರು ಬಿಟ್ಯಲ್ಲೋ!” ಅಂತ ಕೂಗಾಡಿದರು. ನನ್ನ ಬದುಕಿನಲ್ಲಿ ಸಿಕ್ಕ ಪ್ರಶಸ್ತಿ ಅದೊಂದೇ.

ಕಾರ್ಡು ಬಂತು, ಹತ್ತೂ ಜನಕ್ಕೆ. ಮಲಗಿದಾಗ ಸಂಬಳ ಸಿಗಬೇಕಾದರೆ ಮೊದಲು ಕೆಲವು ತಿಂಗಳು ಚಂದಾ ಕಟ್ಟಿರಬೇಕಿತ್ತು. ಅಷ್ಟು ದಿನ ಆಪಾ ಗಂಜಿ ಕುಡಿದುಕೊಂಡು ಹಲ್ಲು ಕಚ್ಚಿ ಕಾಜಾ ಹಾಕಿದರು. ಆಪರೇಷನ್ ಆಗಿ ತಿಂಗಳು ಪೂರ್ತಿ ಮಲಗಿದರು. ನೋಡಲು ಹೋದಾಗ, “ಮಲಗಿರೋದಕ್ಕೂ ದುಡ್ಡು ಕೊಡ್ತಾರೆ ಅಂದ್ರೆ ನಮ್ಮ ಯಜಮಾನ್ರು ನಂಬ್ತಿಲ್ಲ, ನೀನೇ ಹೇಳು,” ಅಂದರು.

ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಮಾಲೀಕರು ಶಿವಾಜಿನಗರದ ಮಹಡಿ ಖಾಲಿ ಮಾಡಿ, ಕೆ.ಆರ್. ಪುರದಲ್ಲಿ ತಮ್ಮನ ಹೆಸರಲ್ಲೊಂದು, ಭಾಮೈದನ ಹೆಸರಲ್ಲೊಂದು ಹೊಲಿಗೆ ಅಂಗಡಿ ತೆರೆದರು. ನಡುವೆ ಪ್ಲೈವುಡ್ ಗೋಡೆ, ಆ ಕಡೆ ಐದು ಜನ, ಈ ಕಡೆ ಐದು. ನಾನು ಇಂದಿರಾನಗರದ ಒಂದು ಬೀಗ, ಮೊಳೆಯ ಅಂಗಡಿ ಸೇರಿದೆ. ಅಲ್ಲಿ ನಾಲ್ಕೇ ಜನ. ಆಪಾ ಮನೆಯಲ್ಲೇ ಕೂತು, ಅಂಗಿಗೆ ಇಷ್ಟು ಅಂತ ಕಾಜಾ ಹಾಕತೊಡಗಿದರು. ಎಲ್ಲರ ಕಾರ್ಡೂ ಸತ್ತವು.

ಅಂದಿನಿಂದ ನನ್ನದು ಒಂದೇ ಪ್ರಶ್ನೆ. ಒಬ್ಬರಿಗೆ ಔಷಧಿ ಕೊಡಲು ಪಕ್ಕದಲ್ಲಿ ಇನ್ನೊಂಬತ್ತು ಜನ ಯಾಕೆ ನಿಂತಿರಬೇಕು? ಎರಡು ಸಾವಿರದ ಇಸವಿಯ ಆಚೆಗೆ ದರ್ಜಿಗಳು, ಮನೆಗೆಲಸದವರು, ಅಗರಬತ್ತಿ ಹೊಸೆಯುವವರು ಸೇರಿ, ಎಲ್ಲರಿಗೂ ವಿಮೆ ಕೊಡಿ ಅಂತ ಸಭೆ ಮಾಡಿದಾಗ ನಾನೂ ಹೋದೆ. ಛತ್ರಿ, ನೀರಿನ ಬಾಟ್ಲಿ, ಬಿ.ಪಿ. ಮಾತ್ರೆ, ಪೊಲೀಸರು ಎತ್ತಿಕೊಂಡು ಹೋದರೆ ಇರಲಿ ಅಂತ ಒಂದು ಜೊತೆ ಬಟ್ಟೆ ಸಮೇತ. ಅಷ್ಟಕ್ಕೆಲ್ಲ ದುಡ್ಡೆಲ್ಲಿದೆ ಅಂತ ವೇದಿಕೆಯ ಮೇಲಿದ್ದ ದೊಡ್ಡವರೊಬ್ಬರು ಕೇಳಿದರು. ಇಡೀ ಊರಿಗೆ ಯೂನಿಫಾರಂ ಹೊಲಿದುಕೊಟ್ಟವರನ್ನು ಆ ಮಾತು ಕೇಳಬಾರದು ಅಂತ ಕೂಗಿದೆ. ಮೈಕಿನ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. ಇಲ್ಲಿ ಬರೆದಿದ್ದೇನೆ, ಈಗ ಕೇಳಿಸಿಕೊಳ್ಳಿ.

ಆಪಾಗೆ ಅಷ್ಟು ಹೊತ್ತಿಗೆ ಸಕ್ಕರೆ ಕಾಯಿಲೆ ಬಂದಿತ್ತು, ಕಾಲಿನ ಗಾಯ ಮಾಯುತ್ತಿರಲಿಲ್ಲ. ಕಾರ್ಡಿಗೆ ಅರ್ಜಿ ಹಾಕಲು ಇಬ್ಬರೂ ವಿಮೆ ಆಫೀಸಿಗೆ ಹೋದೆವು. ‘ಒಟ್ಟು ಕೆಲಸಗಾರರ ಸಂಖ್ಯೆ’ ಅನ್ನುವ ಕಡೆ ‘ಒಂದು’ ಅಂತ ಬರೆದೆ.

ಗುಮಾಸ್ತರು ನಕ್ಕರು. “ಒಬ್ಬರಿಗೆಲ್ಲ ಬರಲ್ಲ ರೀ ಇದು.”

“ಬರಲ್ಲ ಅಂತ ಗೊತ್ತು ಸಾರ್. ಬರ್ಬೇಕು ಅಂತಲೇ ಬರೆದಿರೋದು. ತಗೊಂಡು ಸೀಲ್ ಹಾಕ್ಕೊಡಿ.”

“ಊಟದ ಟೈಮು. ಹೋಗಿ ಆಮೇಲೆ ಬನ್ನಿ.”

ಆಪಾ ಬೆಂಚಿನ ಮೇಲೆ ಕಾಲು ಚಾಚಿ ಕೂತರು. “ಏನ್ ಮುನ್ಷಿ ಸಾಬ್, ಪುದೀನ ತರೋಕೆ ಹೋಗ್ತೀಯಾ?”

“ಇಲ್ಲ ಆಪಾ,” ಅಂದು ಪಕ್ಕದಲ್ಲೇ ಕೂತೆ. ಕೂತ ಮೇಲೆ ಮನೆಗೆ ಬೀಗ ಹಾಕಿದೆನೋ ಇಲ್ಲವೋ ಅನ್ನೋದು ಶುರುವಾಯಿತು. ಏಳಲಿಲ್ಲ. ನಾಲ್ಕು ಗಂಟೆಗೆ, ನಮ್ಮನ್ನು ನೋಡಿ ನೋಡಿ ಸಾಕಾಗಿ, ಗುಮಾಸ್ತರು ಅರ್ಜಿ ತಗೊಂಡು ನಕಲಿನ ಮೇಲೆ ಸೀಲ್ ಒತ್ತಿದರು. ಆ ಅರ್ಜಿಗೆ ಉತ್ತರ ಬರುವವರೆಗೂ ತಿಂಗಳಿಗೊಂದು ಸಲ ಅದೇ ಬೆಂಚಿನ ಮೇಲೆ ಕೂರುವುದು ಅಂತ ಮೆಟ್ಟಿಲಿಳಿಯುವಾಗಲೇ ಇಬ್ಬರೂ ಮಾತಾಡಿಕೊಂಡೆವು.

ಮನೆಗೆ ಬಂದು ನೋಡಿದರೆ ಬೀಗ ಹಾಕಿರಲಿಲ್ಲ. ಏನೂ ಕಳುವಾಗಿರಲಿಲ್ಲ.