ಮೊಣಕೈ ತಮಟೆಯ ಮೇಷ್ಟ್ರು

ಬೆಂಗಳೂರಿನ ಇಟ್ಟಮಡುವಿನ ನಮ್ಮ ಸಂಗೀತದ ಮೇಷ್ಟ್ರು ಮೊದಲು ಮದುವೆ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತಿದ್ದವರು. ಕ್ಲಾಸಿಗೂ ಅದೇ ಮಿಂಚುವ ಅಂಗಿ. ಕೈಕಾಲು ಸ್ವಾಧೀನವಿಲ್ಲದ ನಮ್ಮ ಮಕ್ಕಳೆದುರು ಚಲನೆ ಗುರುತಿಸುವ ಸೆನ್ಸರ್ ಇಡುತ್ತಿದ್ದರು. ಬೆರಳು ಅಲುಗಿದರೂ ಕಂಪ್ಯೂಟರ್‌ನಿಂದ ವಾದ್ಯ ನುಡಿಯುತ್ತಿತ್ತು. ಅಮ್ಮಂದಿರಾದ ನಾವು ಸುಮ್ಮನಿರಲಾರದೆ ಮಕ್ಕಳ ಕೈ ಹಿಡಿದು ಆಡಿಸುತ್ತಿದ್ದೆವು. "ಕೈ ಬಿಡಿ ಮೇಡಂ, ನಿಮಗೆ ಬೇರೆ ಬ್ಯಾಚ್ ಮಾಡ್ತೀನಿ," ಎನ್ನುತ್ತಿದ್ದರು.

ಬಡಾವಣೆಯ ಗಣೇಶೋತ್ಸವದಲ್ಲಿ ನನ್ನ ಮಗಳ ಮೊದಲ ಕಾರ್ಯಕ್ರಮ. ಅವಳು ಆರಿಸಿಕೊಂಡಿದ್ದು ತಮಟೆಯ ಸದ್ದು. ಮುಖ್ಯ ಅತಿಥಿಗಳ ಭಾಷಣವೋ ಮುಗಿಯುವಂತಿರಲಿಲ್ಲ. ಹೆಚ್ಚು ಹೊತ್ತು ಕೂರಲಾಗದ ಅವಳನ್ನು, ಇನ್ನೂ ತಡವಾದರೆ, ನುಡಿಸದೆಯೇ ಮನೆಗೆ ಕರೆದೊಯ್ಯಬೇಕಿತ್ತು. ಮೇಷ್ಟ್ರು ಮೆಲ್ಲಗೆ ಅವಳೆದುರಿನ ಸೆನ್ಸರ್ ಆನ್ ಮಾಡಿದರು.

"ಇಂಥ ಮಕ್ಕಳು ದೇವರ..." ಎಂದು ಅತಿಥಿಗಳು ಗದ್ಗದಿತರಾಗುವಾಗ ಅವಳ ಮೊಣಕೈ ಕದಲಿತು. ಧಡ್! ಸಭೆ ನಕ್ಕಿತು. ಅವರು ಮತ್ತೆ ಬಾಯಿ ತೆರೆಯುವುದನ್ನೇ ಕಾದು, ಮತ್ತೆ ಬಾರಿಸಿದಳು.

"ಅದನ್ನ ಆಫ್ ಮಾಡಿ ಸಾರ್!" ಉತ್ಸವ ಸಮಿತಿಯ ಕಾರ್ಯದರ್ಶಿ ಹಲ್ಲು ಕಡಿದರು.

"ಪ್ರಾಕ್ಟೀಸ್ ಮಾಡ್ಕೊಂಡು ಬಂದಿರೋದು ಅವಳು. ನೀವು ಮೈಕ್ ಆಫ್ ಮಾಡ್ಸಿ ಸಾರ್," ಎಂದರು ಮೇಷ್ಟ್ರು.

ಅತಿಥಿಗಳು ಕುಳಿತರು. ಆಮೇಲೆ ಮಂಗಳಾರತಿ ಮುಗಿಯುವವರೆಗೂ ನನ್ನ ಮಗಳನ್ನು ನಿಲ್ಲಿಸಲು ಯಾರಿಂದಲೂ ಆಗಲಿಲ್ಲ, ಮೇಷ್ಟ್ರಿಂದಲೂ.